ಕಸುಬಿನ ಶಾಲೆಗೆ ನಾವು ಕೊಡಬೇಕಾದದ್ದೇನು?



ಕಳೆದ ತಿಂಗಳು ನಡೆದ ಆಡಳಿತ ಮಂಡಳಿಯ ಸಭೆಯಲ್ಲಿ ಹಿರಿಯ ನಿರ್ದೇಶಕರೊಬ್ಬರು ಒಂದು ಸಲಹೆಯನ್ನು ಮುಂದಿಟ್ಟರು. ಸಂಘದ ಸಾಮಾನ್ಯ ಹಿತನಿಧಿಯಿಂದ ನಮ್ಮ ತಾಲೂಕಿನ ವೃತ್ತಿ ತರಬೇತಿ ಶಾಲೆಗೆ ಒಂದು ಸ್ಮಾರ್ಟ್ ಬೋರ್ಡನ್ನು ಕೊಡಿಸಬೇಕು, ಇದರಿಂದ ಹುಡುಗರಿಗೆ ಪಾಠದಲ್ಲಿ ಆಸಕ್ತಿ ಹುಟ್ಟಿ ಫಲಿತಾಂಶ ಸುಧಾರಿಸುತ್ತದೆ ಎಂಬುದು ಅವರ ಆಶಯ. ಸಲಹೆಯ ಹಿಂದಿನ ಸದುದ್ದೇಶದ ಬಗ್ಗೆ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಹಣ ಸದಸ್ಯರದು. ಆದ್ದರಿಂದ ತೀರ್ಮಾನವನ್ನು ವಾರ್ಷಿಕ ಮಹಾಸಭೆಗೆ ಬಿಡಲಾಗಿದೆ. ಅದಕ್ಕೆ ಮುಂಚೆ ಈ ವಿಷಯದಲ್ಲಿ ನಮಗೆ ತೋರಿದ್ದನ್ನು ತಮ್ಮ ಗಮನಕ್ಕೆ ತರುವುದು ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಶಾಲೆಯ ಪಾಠಕ್ಕೂ ತೋಟಗಾರರಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಫೆಬ್ರುವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟಾಗ ರೋಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಅದೇ ದಿನ ಮೋಟಾರು ಸುಟ್ಟುಹೋಗಿ, ರಿಪೇರಿಯವನು ಸಿಗದೆ ಒಂದು ವಾರ ಕಳೆದರೆ ಮೊಗ್ಗಿನ ಗತಿ ಏನಾಗುತ್ತದೆಂದು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ. ವರ್ಷದ ಫಸಲು ಆ ಏಳು ದಿನದ ಮೇಲೆ ನಿಂತಿರುತ್ತದೆ. ಪಲ್ಪರ್, ಕಳೆ ಕತ್ತರಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಔಷಧಿ ಹೊಡೆಯುವ ಪಂಪು ಎಲ್ಲದರ ಕಥೆಯೂ ಇದೇ. ಆಳಿನ ಅಭಾವ ಹೆಚ್ಚಿದಂತೆಲ್ಲ ನಾವು ಯಂತ್ರಗಳನ್ನು ಕೊಂಡೆವು. ಆ ಯಂತ್ರವನ್ನು ಬಿಚ್ಚಿ ಕಟ್ಟಬಲ್ಲ ಕೈಗಳು ಎಲ್ಲಿಂದ ಬರಬೇಕೆಂದು ಮಾತ್ರ ಯೋಚಿಸಲಿಲ್ಲ. ಆ ಕೈಗಳು ತಯಾರಾಗಬೇಕಾದ ಸ್ಥಳವೇ ಐ.ಟಿ.ಐ.

ನಮ್ಮ ಅಭಿಪ್ರಾಯಕ್ಕೆ ಮೂಲವಾದ ಸಂಗತಿ ಮಲೆನಾಡಿನದಲ್ಲ, ದೂರದ ರಾಯಚೂರು ಜಿಲ್ಲೆಯ ಸಿರವಾರದ್ದು. ಹಿಂದೆ ಮಾನ್ವಿ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಊರದು. ಎರೆಭೂಮಿ, ಹತ್ತಿ, ಜೋಳ, ಕಾಲುವೆ ನೀರು ಮುಟ್ಟಿದ ಕಡೆ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ಸರಿಯಾಗಿ ಬರುವುದಿಲ್ಲವೆಂಬ ದೂರು ಆ ಕಡೆ ಬಹಳ ಹಳೆಯದು. ನೀರಿಲ್ಲದ ವರ್ಷ ಜನ ಗುಳೆ ಹೋಗುತ್ತಾರೆ. ಹೆಚ್ಚಿನವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರೆ, ಕೆಲವು ಕುಟುಂಬಗಳು ಕಾಫಿ ಕೊಯ್ಲಿಗೆಂದು ನಮ್ಮ ತೋಟಕ್ಕೆ ಹಲವು ವರ್ಷಗಳಿಂದ ಬರುತ್ತಿವೆ.

2024ರ ಜನವರಿಯಲ್ಲಿ ಹೀಗೆ ಬಂದ ಒಂದು ಸಂಸಾರದ ಜತೆ ಹದಿನೆಂಟು ತುಂಬಿದ ಹುಡುಗನೊಬ್ಬ ಬಂದಿದ್ದ. ಎಸ್.ಎಸ್.ಎಲ್.ಸಿ. ಪಾಸು ಮಾಡಿ, ಆ ಕಡೆಯ ಒಂದು ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಸೇರಿದ್ದವನು. ಎರಡು ವರ್ಷದ ತರಬೇತಿಯಲ್ಲಿ ಅರ್ಧ ದಾರಿಗೆ ಬಿಟ್ಟು ಬುಟ್ಟಿ ಹಿಡಿದಿದ್ದ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅಂಥವು ಎಲ್ಲ ಕಡೆಯೂ ಇವೆ. ಹೊಸ ಯಂತ್ರಗಳು ಬಂದಿವೆಯಂತಲ್ಲ, ಮತ್ತೇಕೆ ಬಿಟ್ಟೆ ಎಂದು ನಾವು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಾಕ ಛಲೋ ಅದಾವ್ರಿ ಸಾವುಕಾರ್ರ, ಮುಟ್ಟಾಕ ಬಿಡಂಗಿಲ್ಲ" ಎಂದ.

ವಿಚಾರಿಸುತ್ತ ಹೋದಂತೆ ಉಳಿದದ್ದೂ ತಿಳಿಯಿತು. ಕೆಟ್ಟರೆ ಸರಿಪಡಿಸುವವರಿಲ್ಲವೆಂದು ಬೆಲೆಬಾಳುವ ಯಂತ್ರಗಳಿಗೆ ಬೀಗ ಹಾಕಿಟ್ಟಿದ್ದರು. ಕಾಯಂ ಬೋಧಕರು ವರ್ಗವಾಗಿ ಹೋಗಿದ್ದರು. ಅತಿಥಿ ಬೋಧಕರು ಬಂದಷ್ಟು ದಿನ ಬರುತ್ತಿದ್ದರು. ಗೋಡೆಯ ಮೇಲೆ ಪರದೆಯಿತ್ತು, ಅದರಲ್ಲಿ ಬರುವ ವಿವರಣೆ ಇಂಗ್ಲಿಷಿನಲ್ಲಿತ್ತು. ಅಭ್ಯಾಸಕ್ಕೆ ಬೇಕಾದ ತಾಮ್ರದ ತಂತಿ ಸಾಲದೆ ಒಬ್ಬ ಮಾಡಿದ್ದನ್ನು ಉಳಿದವರು ನಿಂತು ನೋಡಬೇಕಿತ್ತು. ಇದೆಲ್ಲವನ್ನೂ ಹುಡುಗ ಹೇಗೋ ಸಹಿಸಿಕೊಳ್ಳುತ್ತಿದ್ದನೋ ಏನೋ. ಅವನ ಮನಸ್ಸು ಮುರಿದದ್ದು ಇನ್ನೊಂದು ಕಾರಣಕ್ಕೆ. ಅವನಿಗಿಂತ ಮುಂಚೆ ಸರ್ಟಿಫಿಕೇಟು ಪಡೆದ ಅವನದೇ ಓಣಿಯ ಇಬ್ಬರು ಬೆಂಗಳೂರಿನಲ್ಲಿ ಸಿಮೆಂಟು ಹೊರುತ್ತಿದ್ದರು. ಕೊನೆಗೆ ಹೊರುವುದೇ ಆದರೆ ಎರಡು ವರ್ಷ ಕೂತು ಕಲಿಯುವುದೇಕೆ ಎಂಬ ಅವನ ಲೆಕ್ಕ ತಪ್ಪೆಂದು ಹೇಳಲು ನಮಗೆ ಬಾಯಿ ಬರಲಿಲ್ಲ.

ಆ ಹಂಗಾಮಿನಲ್ಲಿ ನಮ್ಮ ಪಂಪಿನ ಮೋಟಾರು ಸುಟ್ಟಿತು. ಪೇಟೆಯ ರಿವೈಂಡಿಂಗ್ ಅಂಗಡಿಗೆ ಮೋಟಾರು ಸಾಗಿಸುವಾಗ ಹುಡುಗನನ್ನೂ ಜತೆಗೆ ಕಳಿಸಿದೆವು. ಅಂಗಡಿಯವರಿಗೂ ಕೈಯಾಳು ಬೇಕಿತ್ತು. ಮೂರು ತಿಂಗಳು ಅವನು ಅಲ್ಲಿ ಕೆಲಸ ಮಾಡಿದ. ಸುಟ್ಟ ಸುರುಳಿಯನ್ನು ಕಿತ್ತು, ಸುತ್ತುಗಳನ್ನು ಎಣಿಸಿ, ತಂತಿಯ ದಪ್ಪ ಅಳೆದು ಬರೆದುಕೊಳ್ಳುವುದು. ಹೊಸ ಸುರುಳಿ ಸುತ್ತಿ, ಕಾಗದ ಕೂರಿಸಿ, ವಾರ್ನಿಷ್ ಹಾಕಿ ಒಣಗಿಸುವುದು. ಒಂದು ಸುತ್ತು ತಪ್ಪಿದರೆ ಮೋಟಾರು ತಿರುಗಿ ಬರುತ್ತದೆ, ತಂದ ರೈತನ ಬೈಗುಳವೂ ಅದರೊಂದಿಗೆ ಬರುತ್ತದೆ. ಒಂದು ಸಂಜೆ ಅವನು ನಮ್ಮಲ್ಲಿಗೆ ಬಂದು, ತನ್ನ ಹಳೆಯ ಪಠ್ಯಪುಸ್ತಕದಲ್ಲಿ ಮೂರು ಫೇಸಿನ ಪಾಠವಿದೆ, ಅದನ್ನು ಊರಿಂದ ತರಿಸಿಕೊಡಬಹುದೇ ಎಂದು ಕೇಳಿದ. ಓದು ಬಿಟ್ಟಿದ್ದ ಹುಡುಗ ಪುಸ್ತಕ ಕೇಳಿದ್ದು ಹೀಗೆ. ಆ ಆಗಸ್ಟಿನಲ್ಲಿ ತರಬೇತಿಗೆ ಮತ್ತೆ ಸೇರಿ, ಒಂದು ವರ್ಷ ನಷ್ಟವಾದರೂ 2025ರಲ್ಲಿ ಒಳ್ಳೆಯ ಅಂಕಗಳೊಂದಿಗೆ ಮುಗಿಸಿದ. ಕಳೆದ ದೀಪಾವಳಿ ಕಳೆದ ಮೇಲೆ ಆಳುಗಳನ್ನು ಗೊತ್ತುಮಾಡಲು ನಾವು ಸಿರವಾರಕ್ಕೆ ಹೋದಾಗ ಅವನು ಬಸ್ ನಿಲ್ದಾಣದ ಹತ್ತಿರ ಇನ್ನೊಬ್ಬರೊಂದಿಗೆ ಸೇರಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಅವನ ಜತೆಯಲ್ಲೇ ತರಬೇತಿ ಬಿಟ್ಟಿದ್ದ ಗೆಳೆಯನನ್ನು ವಿಚಾರಿಸಿದೆವು. ಅವನು ಬೆಂಗಳೂರಿಗೆ ಹೋದವನು ಹಿಂತಿರುಗಿಲ್ಲ. ಬುದ್ಧಿಯಲ್ಲಿ ಇವನಿಗಿಂತ ಚುರುಕಾಗಿದ್ದನಂತೆ.

ಒಬ್ಬ ಹುಡುಗನ ಕಥೆಯಿಂದ ಸಿದ್ಧಾಂತ ಕಟ್ಟಬಾರದೆಂಬುದು ನಮಗೂ ಗೊತ್ತು. ಆದ್ದರಿಂದ ಅದೇ ಜಿಲ್ಲೆಯಲ್ಲಿ ಐವತ್ತು ವರ್ಷದ ಹಿಂದೆ ನಡೆದ ಒಂದು ದೊಡ್ಡ ಪ್ರಯೋಗವನ್ನು ನೆನಪಿಸುತ್ತೇವೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ ಸರ್ಕಾರ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ತಲುಪಿಸಿತು. 'ಸೈಟ್' ಎಂದು ಹೆಸರಾದ ಆ ಪ್ರಯೋಗಕ್ಕೆ ಕರ್ನಾಟಕದಿಂದ ಆರಿಸಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿನ ಮನೆಗಳಿಗೆ ಟಿ.ವಿ. ಬರುವುದಕ್ಕೆ ಎಷ್ಟೋ ಮುಂಚೆ ರಾಯಚೂರು ಸೀಮೆಯ ಹಳ್ಳಿಶಾಲೆಯ ಮುಂದೆ ಕೋಳಿಬಲೆಯ ತಂತಿಯಿಂದ ಮಾಡಿದ ದೊಡ್ಡ ಆಂಟೆನಾ ನಿಂತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಬೇಸಾಯ ಮತ್ತು ಆರೋಗ್ಯದ ಕಾರ್ಯಕ್ರಮ.

ಫಲವೇನಾಯಿತು? ಮಕ್ಕಳ ಭಾಷೆ ಬೆಳೆಯಿತು, ತಿಳಿಯಬೇಕೆಂಬ ಕುತೂಹಲ ಹೆಚ್ಚಿತು. ಆದರೆ ಶಾಲೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬುದು ಅನಂತರ ನಡೆದ ಮೌಲ್ಯಮಾಪನದ ಸಾರ. ವರ್ಷ ಮುಗಿದ ಮೇಲೆ ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ಪಡೆದರು. 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂದದ್ದು ಅದರ ಮುಂದುವರಿಕೆಯಾಗಿ. ಆ ಪ್ರಯೋಗವನ್ನು ಹಗುರವಾಗಿ ಕಾಣುವವರು ನಾವಲ್ಲ. ದೇಶದ ವಿಜ್ಞಾನಿಗಳ ಹೆಮ್ಮೆಯ ಕೆಲಸವದು. ನಮ್ಮ ಮಾತು ಇಷ್ಟೇ: ಪರದೆ ಕುತೂಹಲವನ್ನು ಹುಟ್ಟಿಸಬಲ್ಲದು. ಹುಟ್ಟಿದ ಕುತೂಹಲವನ್ನು ಹಿಡಿದು ಕೆಲಸಕ್ಕೆ ಹಚ್ಚಲು ಒಬ್ಬ ಮಾಸ್ತರು ಬೇಕು, ಎದುರಿಗೆ ಒಂದು ದಾರಿಯೂ ಕಾಣಬೇಕು.

ಈಗಿನ ಕಾಲಕ್ಕೆ ಬರೋಣ. ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿದ್ದು 1950ರಲ್ಲಿ. ಹಳತಾದ ಲೇತು, ಡ್ರಿಲ್ಲುಗಳ ಮೇಲೆ ದಶಕಗಳ ಕಾಲ ನಡೆದ ಐ.ಟಿ.ಐ.ಗಳನ್ನು ಸುಧಾರಿಸಲು ನಮ್ಮ ರಾಜ್ಯ ಟಾಟಾ ಟೆಕ್ನಾಲಜೀಸ್ ಮತ್ತಿತರ ಉದ್ಯಮಗಳ ಸಹಯೋಗದಲ್ಲಿ ಮುಂದಾಯಿತು. ಹೀಗೆ ಮೇಲ್ದರ್ಜೆಗೇರಿಸಿದ 150 ಸರ್ಕಾರಿ ಐ.ಟಿ.ಐ.ಗಳನ್ನು 2022ರ ಜೂನ್ 20ರಂದು ಪ್ರಧಾನಿಯವರು ಬೆಂಗಳೂರಿನಲ್ಲಿ ಲೋಕಾರ್ಪಣೆ ಮಾಡಿದರು. ವೆಚ್ಚ 4,600 ಕೋಟಿ ರೂಪಾಯಿಗೂ ಮೇಲು. ಗಣಕನಿಯಂತ್ರಿತ ಲೇತು, ರೋಬೋಟು, ವಿದ್ಯುತ್ ವಾಹನದ ವಿಭಾಗ ಎಲ್ಲವೂ ಬಂದವು. ಇದು ಆಗಬೇಕಾದ ಕೆಲಸವೇ. ಕಾರ್ಖಾನೆ ಹೊಸ ಯಂತ್ರದಲ್ಲಿ ನಡೆಯುವಾಗ ಹುಡುಗರಿಗೆ ಅಜ್ಜನ ಕಾಲದ ಯಂತ್ರದಲ್ಲಿ ಕಲಿಸುವುದು ಅನ್ಯಾಯ. ಹಾಗೆಯೇ 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371 ಜೆ ವಿಧಿಯು ರಾಯಚೂರನ್ನೊಳಗೊಂಡ ಆ ಭಾಗದ ಮಕ್ಕಳಿಗೆ ಶಿಕ್ಷಣ ಸಂಸ್ಥೆಗಳಲ್ಲಿ ಮಾತ್ರವಲ್ಲ, ವೃತ್ತಿ ತರಬೇತಿ ಸಂಸ್ಥೆಗಳಲ್ಲೂ ಸ್ಥಾನ ಕಾದಿರಿಸಲು ಅವಕಾಶ ಕೊಟ್ಟಿದೆ. ಯಂತ್ರವೂ ಬಂತು, ಸೀಟೂ ಸಿಕ್ಕಿತು. ಸೀಟಿನಲ್ಲಿ ಕೂತವನ ಮನಸ್ಸು ಮಾತ್ರ ಸರ್ಕಾರಿ ಆದೇಶದಿಂದ ಬರುವಂಥದಲ್ಲ.

ಹಾಗಾದರೆ ಅದು ಎಲ್ಲಿಂದ ಬರುತ್ತದೆ? ಡೇವಿಡ್ ಮೆಕ್ಲೆಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ಸಾಧನೆಯ ಹಂಬಲ ಮೂಡಿಸುವ ತರಬೇತಿ ಕೊಟ್ಟು ಪರೀಕ್ಷಿಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚುರುಕಾಗಿ ಹೊಸ ಕೆಲಸಗಳಿಗೆ ಕೈಹಾಕಿದರು. ಆದರೆ ತಮ್ಮ ಅಂಗಡಿ, ಕಾರ್ಖಾನೆಯಲ್ಲಿ ತಾವೇ ತೀರ್ಮಾನ ಮಾಡಬಲ್ಲವರಲ್ಲಿ ಈ ಬದಲಾವಣೆ ಎದ್ದುಕಂಡಿತು. ಅಂದರೆ ಹಂಬಲ ಕಲಿಸಿ ಬರುವಂಥದು ಹೌದು, ಆದರೆ ಕಲಿತದ್ದನ್ನು ನಡೆಸಲು ಜಾಗವಿದ್ದವನಲ್ಲಿ ಅದು ಬೇರೂರುತ್ತದೆ. ಸಸಿ ಎಷ್ಟೇ ಒಳ್ಳೆಯದಿದ್ದರೂ ಗುಂಡಿ ತೋಡದೆ ನೆಡಲಾಗುತ್ತದೆಯೇ?

ನಮ್ಮ ರಾಜ್ಯದಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಕಾರದಿಂದ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ನಿರುದ್ಯೋಗಿ ಯುವಕರನ್ನು ಕೆಲವು ವಾರ ಅಲ್ಲೇ ಇರಿಸಿಕೊಂಡು, ಊಟ ವಸತಿ ಕೊಟ್ಟು ಕಸುಬು ಕಲಿಸುತ್ತಾರೆ. ವಿಶೇಷವೆಂದರೆ ತರಬೇತಿ ಮುಗಿದ ಮೇಲೂ ಎರಡು ವರ್ಷ ಅವರ ಬೆನ್ನು ಬಿಡುವುದಿಲ್ಲ. ಸಾಲ ಸಿಕ್ಕಿತೇ, ಅಂಗಡಿ ತೆರೆದರೇ, ತೊಂದರೆ ಏನು ಎಂದು ವಿಚಾರಿಸುತ್ತಲೇ ಇರುತ್ತಾರೆ. ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂದು ಬ್ಯಾಂಕುಗಳು ನಡೆಸುತ್ತಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾದದ್ದು ಇದೇ. ಅದರ ಯಶಸ್ಸಿನ ಗುಟ್ಟು ಪಾಠದ ಕೊಠಡಿಯಲ್ಲಿರುವ ಸಾಮಾನಿನಲ್ಲಿಲ್ಲ. ಕಲಿತವನನ್ನು ಕೈಬಿಡದ ಕ್ರಮದಲ್ಲಿದೆ.

ಪರದೆಯನ್ನು ನಾವು ಸಾರಾಸಗಟಾಗಿ ತಳ್ಳಿಹಾಕುತ್ತಿಲ್ಲ. ಮೋಟಾರಿನೊಳಗೆ ಕಣ್ಣಿಗೆ ಕಾಣದಂತೆ ನಡೆಯುವುದನ್ನು ಚಲಿಸುವ ಚಿತ್ರ ತೋರಿಸಿದಷ್ಟು ಚೆನ್ನಾಗಿ ಸೀಮೆಸುಣ್ಣ ತೋರಿಸಲಾರದು. ಸಿರವಾರದ ಹುಡುಗನೇ ಹೇಳಿದ ಒಂದು ಮಾತು ಇಲ್ಲಿ ಉಲ್ಲೇಖನೀಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ಹೊಳೆಗೆ ಹರಿಯತೊಡಗಿತು. ಎಡದಂಡೆಯ ಮೇಲೆ ಭತ್ತ ನಾಟಿ ಮಾಡಿ ಕುಳಿತ ರೈತರೆಲ್ಲ ತಲೆಯ ಮೇಲೆ ಕೈಹೊತ್ತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಬ್ಬಿಣದ ತಡೆಗೇಟಿನ ತುಂಡುಗಳನ್ನು ತಯಾರಿಸಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಲಾಯಿತು. ಅಲ್ಲಿ ದುಡಿದವರು ವೆಲ್ಡರು, ಫಿಟ್ಟರು, ಕ್ರೇನು ನಡೆಸುವವರು. ಐ.ಟಿ.ಐ.ಯಲ್ಲಿ ಕಲಿಸುವ ಕಸುಬುಗಳೇ ಅವು.

ಆ ವಾರವೆಲ್ಲ ತಾವು ಹುಡುಗರು ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದೆವೆಂದು ಅವನು ಹೇಳಿದ. ಯಾವ ಬೋಧಕರೂ ಹೇಳದೆ, ಹಾಜರಿ ಕೂಗದೆ, ಬೆಸುಗೆ ಹಾಕುವ ಕೈಯನ್ನು ಎವೆಯಿಕ್ಕದೆ ನೋಡಿದರಂತೆ. ಏಕೆಂದರೆ ಆ ಪರದೆಯ ಮೇಲೆ ನಡೆಯುತ್ತಿದ್ದದ್ದು ಅವರ ಮನೆಯ ಅನ್ನದ ಪ್ರಶ್ನೆ. ಪರದೆ ಅದೇ, ಹುಡುಗರೂ ಅವರೇ. ತನಗೂ ತನ್ನ ಊರಿಗೂ ಬೇಕಾದ ಕೆಲಸವೆಂದು ಕಂಡ ಕೂಡಲೇ ಆಸಕ್ತಿ ಬಂತು. ತರಬೇತಿ ಶಾಲೆಯಲ್ಲಿ ಆಗಬೇಕಾದದ್ದು ಇದೇ. ಅದಕ್ಕೆ ಅಣೆಕಟ್ಟು ಒಡೆಯುವವರೆಗೆ ಕಾಯಬೇಕಿಲ್ಲ.

ಆದ್ದರಿಂದ ಸ್ಮಾರ್ಟ್ ಬೋರ್ಡಿಗೆಂದು ಯೋಚಿಸಿದ ಹಣವನ್ನು ಬೇರೆ ರೀತಿ ವಿನಿಯೋಗಿಸಬೇಕೆಂದು ನಾವು ಸೂಚಿಸುತ್ತೇವೆ. ನಮ್ಮ ಸೂಚನೆಗಳು ಮೂರು.

ಮೊದಲನೆಯದು, ಮುಟ್ಟಿ ಕಲಿಯಲು ಬೇಕಾದ ಸಾಮಾನು. ತಾಮ್ರದ ತಂತಿ, ಬೆಸುಗೆ ಕಡ್ಡಿ, ಬೇರಿಂಗು, ವಾಷರು, ಇಂಥವನ್ನು ಸಂಘದ ಮಾರಾಟ ಮಳಿಗೆಯಿಂದ ಶಾಲೆಗೆ ಪ್ರತಿ ತ್ರೈಮಾಸಿಕ ಒದಗಿಸೋಣ. ಸದಸ್ಯರ ಮನೆಯ ಮೂಲೆಯಲ್ಲಿ ಬಿದ್ದಿರುವ ಕೆಟ್ಟ ಮೋಟಾರು, ಹಳೆಯ ಪಲ್ಪರ್, ನಿಂತುಹೋದ ಕಳೆ ಕತ್ತರಿಸುವ ಯಂತ್ರಗಳನ್ನು ಗುಜರಿಗೆ ಹಾಕದೆ ಶಾಲೆಗೆ ಕೊಡೋಣ. ಕೆಟ್ಟದ್ದನ್ನು ಇನ್ನೂ ಕೆಡಿಸುವ ಭಯವಿಲ್ಲದಿದ್ದರೆ ಬೋಧಕರು ಬೀಗ ಹಾಕುವುದಿಲ್ಲ. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ಬೆಸುಗೆಗೂ ಸಲ್ಲುತ್ತದೆ.

ಎರಡನೆಯದು, ನಮ್ಮ ತೋಟ ಮತ್ತು ಸಂಘದ ಕಾರ್ಯಾಗಾರದಲ್ಲಿ ಸ್ಥಳ. ಜರ್ಮನಿಯಲ್ಲಿ ಕಸುಬು ಕಲಿಯುವ ಹುಡುಗ ವಾರದ ಹೆಚ್ಚಿನ ದಿನ ಕೆಲಸದ ಸ್ಥಳದಲ್ಲಿರುತ್ತಾನೆ, ಒಂದೆರಡು ದಿನ ಶಾಲೆಗೆ ಹೋಗುತ್ತಾನೆ. ನಮ್ಮಲ್ಲೂ ಐ.ಟಿ.ಐ.ಗಳಿಗೆ ಇಂಥ ಜೋಡಿ ಪದ್ಧತಿಗೆ ಅವಕಾಶವಿದೆ. 1961ರ ಅಪ್ರೆಂಟಿಸ್ ಕಾಯಿದೆಯಂತೂ ಇದ್ದೇ ಇದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಒಬ್ಬೊಬ್ಬ ಸಣ್ಣ ಬೆಳೆಗಾರನಿಗೆ ಈ ಕಾಗದ ಪತ್ರದ ಗೋಜು ಕಷ್ಟ. ಸಂಘವೇ ಮುಂದೆ ನಿಂತು ಕೆಲವು ಶಿಷ್ಯರನ್ನು ತೆಗೆದುಕೊಂಡು, ಕೊಯ್ಲಿಗೆ ಮುಂಚೆ ಪಲ್ಪರ್ ಸಜ್ಜುಗೊಳಿಸಲು, ಹೂವಿನ ಕಾಲಕ್ಕೆ ಪಂಪು ನೋಡಿಕೊಳ್ಳಲು, ಅಡಿಕೆಯ ಕಾಲಕ್ಕೆ ಸುಲಿಯುವ ಯಂತ್ರಕ್ಕೆ ಸದಸ್ಯರ ಮನೆಗಳಿಗೆ ಕಳಿಸಬಹುದು. ಅವರ ವಿಮೆ, ಕೈಗವಸು, ಕನ್ನಡಕದ ವೆಚ್ಚವನ್ನು ಹಿತನಿಧಿ ಭರಿಸಲಿ.

ಮೂರನೆಯದು, ಎರಡು ವರ್ಷ ಬೆನ್ನ ಹಿಂದೆ ನಿಲ್ಲುವುದು. ತೇರ್ಗಡೆಯಾದವರು ಏನು ಮಾಡುತ್ತಿದ್ದಾರೆ ಎಂಬ ಪಟ್ಟಿಯನ್ನು ಸಂಘದ ಕಚೇರಿಯಲ್ಲಿ ಇಟ್ಟು, ಈ ಪತ್ರಿಕೆಯಲ್ಲಿ ವರ್ಷಕ್ಕೊಮ್ಮೆ ಪ್ರಕಟಿಸೋಣ. ಉಪಕರಣದ ಪೆಟ್ಟಿಗೆ ಕೊಳ್ಳಲು ಸಣ್ಣ ಸಾಲ ಕೊಡಿಸೋಣ. ಪೇಟೆಯಲ್ಲಿ ಅಂಗಡಿ ಇಟ್ಟ ಹಿರಿಯ ವಿದ್ಯಾರ್ಥಿಯನ್ನು ಶಾಲೆಗೆ ಕರೆಸಿ ಹೊಸಬರ ಮುಂದೆ ನಿಲ್ಲಿಸಿದರೆ ಅದು ಯಾವ ಬೋರ್ಡಿಗೂ ಕಡಿಮೆಯಾದ ಪಾಠವಲ್ಲ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಹೊಸಬರ ಕೈಗೆ ಯಂತ್ರ ಕೊಟ್ಟರೆ ಹಾಳು ಮಾಡುತ್ತಾರೆ ಎಂಬುದೊಂದು. ಮಾಡುತ್ತಾರೆ, ನಿಜ, ನಾವೂ ಮೊದಲ ವರ್ಷ ಕಾಫಿ ಗಿಡ ಕಸಿ ಮಾಡುವಾಗ ಎಷ್ಟು ರೆಂಬೆ ಹಾಳುಮಾಡಿದೆವೆಂಬುದನ್ನು ನೆನೆಯೋಣ. ಕಲಿತವನು ನಮ್ಮನ್ನು ಬಿಟ್ಟು ನಗರಕ್ಕೆ ಹೋಗುತ್ತಾನೆ ಎಂಬುದು ಇನ್ನೊಂದು. ಕೆಲವರು ಹೋಗುತ್ತಾರೆ. ಆದರೆ ಕಸುಬು ಕಲಿತು ಹೋಗುವವನಿಗೂ ಸಿಮೆಂಟು ಹೊರಲು ಹೋಗುವವನಿಗೂ ಅಂತರವಿದೆ. ನ್ಯಾಯವಾದ ಕೂಲಿಯೂ ಮರ್ಯಾದೆಯೂ ಇಲ್ಲೇ ಸಿಕ್ಕರೆ ಹೋಗುವವರ ಸಂಖ್ಯೆಯೂ ಕಡಿಮೆಯಾಗುತ್ತದೆ. ಮರ್ಯಾದೆಯ ಮಾತು ಬಂದದ್ದರಿಂದ ಒಂದು ಆತ್ಮವಿಮರ್ಶೆ. ಬುದ್ಧಿವಂತನಾದ ಮಗನನ್ನು ಎಂಜಿನಿಯರಿಂಗಿಗೆ, ಓದು ಹತ್ತದವನನ್ನು ಐ.ಟಿ.ಐ.ಗೆ ಎಂದು ವಿಂಗಡಿಸುವವರು ನಾವೇ. ನಾವೇ ಕೀಳೆಂದು ಕಂಡ ಶಾಲೆಯಲ್ಲಿ ಹುಡುಗ ಉತ್ಸಾಹದಿಂದ ಕೂರಬೇಕೆಂದು ನಿರೀಕ್ಷಿಸುವುದು ಎಷ್ಟು ಸರಿ?

ಬೋರ್ಡು ಕೊಡಿಸುವುದು ಸುಲಭ. ಒಂದು ಚೆಕ್ಕು, ಒಂದು ಸಮಾರಂಭ, ಒಂದು ಭಾವಚಿತ್ರ, ಅಲ್ಲಿಗೆ ಮುಗಿಯಿತು. ನಾವು ಹೇಳುತ್ತಿರುವುದು ಪ್ರತಿ ಹಂಗಾಮಿನಲ್ಲೂ ನಮ್ಮ ಸಮಯವನ್ನೂ ತಾಳ್ಮೆಯನ್ನೂ ಬೇಡುವ ಕೆಲಸ. ಆದರೆ ಸಹಕಾರ ಸಂಘವೆಂಬುದು ಇರುವುದೇ ಒಬ್ಬೊಬ್ಬರಿಂದ ಆಗದ ಕೆಲಸವನ್ನು ಕೂಡಿ ಮಾಡುವುದಕ್ಕೆ. ಈ ಮೂರೂ ಸೂಚನೆಗಳು ನೆಲೆಗೊಂಡ ಮೇಲೆ, ಪಾಠಕ್ಕೆ ಪರದೆಯೂ ಬೇಕೆಂದು ಬೋಧಕರೇ ಕೇಳಿದರೆ ಆಗ ಕೊಡಿಸಲು ನಮ್ಮ ಅಭ್ಯಂತರವೇನೂ ಇಲ್ಲ.

ಸಿರವಾರದಲ್ಲಿ ಒಬ್ಬ ಹುಡುಗ ಅಂಗಡಿಯಲ್ಲಿ ಕೂತು ಮೋಟಾರು ಸುತ್ತುತ್ತಿದ್ದಾನೆ. ಅವನಿಗಿಂತ ಚುರುಕಾಗಿದ್ದ ಇನ್ನೊಬ್ಬ ಊರಿಗೂ ಇಲ್ಲ, ಕಸುಬಿಗೂ ಇಲ್ಲ. ಇಬ್ಬರ ನಡುವಿನ ವ್ಯತ್ಯಾಸ ಮೂರು ತಿಂಗಳ ಕೆಲಸ ಮತ್ತು ಕರೆದು ಕೂರಿಸಿಕೊಂಡ ಒಬ್ಬ ಅಂಗಡಿಯವರು ಮಾತ್ರ. ನಮ್ಮ ತಾಲೂಕಿನಲ್ಲಿಯೂ ಅಂಥ ಹುಡುಗರು, ಹುಡುಗಿಯರು ಇದ್ದಾರೆ. ಮಹಾಸಭೆಗೆ ಸದಸ್ಯರೆಲ್ಲರೂ ತಪ್ಪದೆ ಆಗಮಿಸಿ, ನಮ್ಮ ಅಭಿಪ್ರಾಯ ಸರಿಯೆನಿಸಿದರೆ ಬೆಂಬಲಿಸಬೇಕೆಂದೂ, ತಪ್ಪೆನಿಸಿದರೆ ಮುಚ್ಚುಮರೆಯಿಲ್ಲದೆ ತಿದ್ದಬೇಕೆಂದೂ ಕೋರುತ್ತೇವೆ. ಬರುವಾಗ, ತಮ್ಮ ಮನೆಯ ಮೂಲೆಯಲ್ಲಿ ಕೆಟ್ಟು ಬಿದ್ದಿರುವ ಯಂತ್ರ ಯಾವುದೆಂದು ಒಂದು ಚೀಟಿಯಲ್ಲಿ ಬರೆದು ತಂದರೆ ಇನ್ನೂ ಉಪಕಾರ.

— ಕಾರ್ಯದರ್ಶಿ